ಹಿಟ್ಟಿನ ಮೇಜಿನ ಸಂದರ್ಶನ

ಅಕ್ಕಾ,
ಕೆಲಸ ಸಿಕ್ಕಿತು. ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳು, ಭಾವನಿಗೆ ಎರಡು ಸಲ.

ಈ ಬೇಕರಿಯಲ್ಲಿ ಸಂದರ್ಶನ ಮಾಡುವವನು ಯಜಮಾನನಲ್ಲ. ಆತ ನನ್ನನ್ನು ಹಿಟ್ಟು ನಾದುವ ಮೇಜಿನ ಹತ್ತಿರ ಬಿಟ್ಟು, "ನಾನು ಆರಿಸಿದೋರು ಯಾರೂ ನಿಲ್ಲಲಿಲ್ಲ, ಇವರೇ ಆರಿಸ್ಲಿ" ಎಂದು ಹೊರಗೆ ಹೋದ. ಸುತ್ತ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಹೆಂಗಸರು. ಹಿರಿಯಾಕೆ ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ಕೆಲಸ ಯಾಕೆ ಬಿಟ್ಟೆ?"

ಭಾವ ಹೇಳಿಕೊಟ್ಟ ಹಾಗೆ "ಮನೆ ಕಡೆ ತೊಂದರೆ" ಅನ್ನಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ. "ಓವನ್ ಬಾಗಿಲು ಕಿತ್ಕೊಂಡು ಬಂದು ಜೊತೆಯವಳ ಕೈ ಸುಡ್ತು. ಅದನ್ನ ಸರಿ ಮಾಡ್ಸೋವರೆಗೂ ಹಿಟ್ಟು ಮುಟ್ಟಲ್ಲ ಅಂದೆ, ಓಡಿಸಿದ್ರು" ಎಂದುಬಿಟ್ಟೆ.

ಎಲ್ಲರೂ ನಾದುವುದನ್ನು ನಿಲ್ಲಿಸಿದರು. ಇದೂ ಕೈತಪ್ಪಿತು ಅಂದುಕೊಂಡೆ. ಹಿರಿಯಾಕೆ ಸರಿದು ಪಕ್ಕದಲ್ಲಿ ಜಾಗ ಮಾಡಿ, "ಕೈ ತೊಳ್ಕೊಂಡು ಬಾ" ಎಂದಳು. ಯಜಮಾನ ಒಳಗೆ ಬಂದೊಡನೆ, "ಸಡಿಲಾಗಿರೋ ನಮ್ಮ ಓವನ್ ಬಾಗಿಲನ್ನೂ ಇವಳಿಗೆ ತೋರ್ಸಿ" ಎಂದಳು. ಅವನ ಮುಖ ನೀನು ನೋಡಬೇಕಿತ್ತು.

ಕೆಲಸ ಹುಡುಕಿ ಅಲೆದು ಒಡೆದಿದ್ದ ನನ್ನ ಹಿಮ್ಮಡಿ ವಾಸಿಯಾಗಿದೆ, ಚಿಂತೆ ಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಬಾಯಿಗೆ ಬೀಗ ಹಾಕ್ಕೊಂಡು ಹೋಗು ಅಂದಿದ್ದರಲ್ಲ ಭಾವ, ಅವರಿಗೆ ಹೇಳು: ಈ ಬಾಯಿಯ ದೆಸೆಯಿಂದಲೇ ನಾಳೆ ರಿಪೇರಿಯವನು ಬರುತ್ತಿದ್ದಾನೆ.

ನಿನ್ನ ಬಾಯಿಬಡುಕಿ ತಂಗಿ