ಬಣ್ಣದ ಕೆಳಗೆ ಪುಟ್ಟಿ

ಮನೆಯಿಂದ,
ಬುಧವಾರ, ಹದಿನಾಲ್ಕನೇ ತಾರೀಖು, ಬೆಳಗಿನ ಹನ್ನೊಂದು ಗಂಟೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಪ್ರತಿ ಭಾನುವಾರ ಫೋನಿನಲ್ಲಿ ಇದನ್ನೇ ಕೇಳುತ್ತೇನೆ, ನೀನು "ಚೆನ್ನಾಗಿದ್ದೀನಪ್ಪ" ಎನ್ನುತ್ತೀಯ, ನಾನು ನಂಬಿ ಫೋನನ್ನು ನಿನ್ನ ಅಮ್ಮನ ಕೈಗೆ ಕೊಡುತ್ತೇನೆ. ಇವತ್ತು ಬಾಯಿಮಾತಿಗೆ ಕೇಳುತ್ತಿಲ್ಲ. ಕಾಲು ಹೇಗಿದೆ, ಬೆನ್ನು ಹೇಗಿದೆ, ಒಂದೊಂದಾಗಿ ಬರೆ. ಸೇತುವೆ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕು ಎನ್ನುತ್ತಿದ್ದೆ, ನಿಲ್ಲಲು ಆಗುತ್ತದೆಯೇ? ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಆರೋಗ್ಯವಾಗಿದೆ. ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ. ಕಾರಣ ಮುಂದೆ ಬರುತ್ತದೆ, ಅಲ್ಲಿಯವರೆಗೆ ಫೋನ್ ಮುಟ್ಟಬೇಡ. ಫೋನಿನಲ್ಲಾದರೆ ನಾನು ಕೂಗಾಡುತ್ತೇನೆ, ನೀನು "ಮೀಟಿಂಗಿದೆ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಇಬ್ಬರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎಂಟು ತಿಂಗಳ ಹಿಂದೆ ಸೇತುವೆ ಕೆಲಸಕ್ಕೆ ಹೋಗುವಾಗ ನೀನು ಮನೆಯಲ್ಲಿ ಬಿಟ್ಟುಹೋದ ಮೋಟರ್‌ಸೈಕಲ್ಲನ್ನು ಲಾರಿಗೆ ಹಾಕಿ ಕಳಿಸಲು ಹೇಳಿದಾಗ ನೀನು "ಅದನ್ನ ಮುಟ್ಟೋಕೆ ಹೋಗ್ಬೇಡಿ, ಹೇಗಿದ್ಯೋ ಹಾಗೇ ಕಳಿಸಿ" ಎಂದು ಎರಡೆರಡು ಸಲ ಹೇಳಿದ್ದೆ. ನಾನು ಹೇಳಿದ ಮಾತು ಕೇಳುವ ಆಸಾಮಿಯೇ? ನನ್ನ ಹಳೇ ಗಾಡಿ, ನಿನಗೆ ಕೆಲಸ ಸಿಕ್ಕಾಗ ನಾನೇ ಕೊಟ್ಟದ್ದು. ಹೊಸ ಮದುಮಗಳ ಹಾಗೆ ಮಾಡಿ ಕಳಿಸಿದರೆ ನೀನು ಕುಣಿದಾಡುತ್ತೀಯ ಎಂದುಕೊಂಡು ಪೇಂಟರ್ ಹತ್ತಿರ ತಳ್ಳಿಕೊಂಡು ಹೋದೆ. ಅವನು ಹಳೇ ಸ್ಟೀಲ್ ಚಮಚಗಳಿಗೆ ಒಂದೊಂದು ಬಣ್ಣ ಹೊಡೆದು ತಂತಿಗೆ ನೇತುಹಾಕಿದ್ದಾನೆ, ಗಿರಾಕಿಗಳು ನೋಡಿ ಆರಿಸಲಿ ಎಂದು. ನಲವತ್ತು ಚಮಚ ನೋಡಿ ಮೂವತ್ತೊಂಬತ್ತರಲ್ಲಿ ಏನಾದರೊಂದು ತಪ್ಪು ಹುಡುಕಿದೆ. ಕೊನೆಗೆ ಟ್ಯಾಂಕಿಗೆ ತಾಮ್ರದ ಹೊಳಪಿನ ಬಣ್ಣ, ಸೈಲೆನ್ಸರಿಗೆ ಕ್ರೋಮ್, ಚಕ್ರಗಳಿಗೆ ಹೊಳಪಿಲ್ಲದ ಕಪ್ಪು ಎಂದು ತೀರ್ಮಾನವಾಯಿತು. ಪೇಂಟರ್ "ಮೊದ್ಲು ಪೂರ್ತಿ ಬತ್ತಲೆ ಮಾಡ್ಬೇಕು ಯಜಮಾನ್ರೇ" ಎಂದ. ನನ್ನನ್ನಲ್ಲ, ಗಾಡಿಯನ್ನು. ಹಳೇ ಬಣ್ಣವನ್ನೆಲ್ಲ ಲೋಹ ಕಾಣುವವರೆಗೆ ಕೆರೆದು ತೆಗೆಯುವುದಕ್ಕೆ ಅವರು ಹಾಗೆ ಹೇಳುತ್ತಾರೆ. ನಾನು ಜೋರಾಗಿ ನಕ್ಕೆ. ಅದೇ ಕೊನೆ, ಆಮೇಲೆ ಇನ್ನೂ ನಕ್ಕಿಲ್ಲ.

ಅವನು ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ಟ್ಯಾಂಕಿನ ಬಲಗಡೆ ಇಟ್ಟ, ಟಪ್ಪೆಂದು ಕಚ್ಚಿಕೊಂಡಿತು. ಎಡಗಡೆ ಇಟ್ಟ, ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ನನ್ನ ಮುಖ ನೋಡಿ, "ಇಲ್ಲಿ ಒಳಗೆಲ್ಲಾ ಪುಟ್ಟೀನೇ ಇರೋದು" ಎಂದ. ತಗ್ಗು ಮುಚ್ಚಲು ಬಣ್ಣದ ಕೆಳಗೆ ಮೆತ್ತುತ್ತಾರಲ್ಲ, ಆ ಪುಟ್ಟಿ. ಉಕ್ಕಿನ ಬೀರು ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದಿನಕ್ಕೆ ನೂರು ಸಲ ಕೇಳಿದ ಶಬ್ದ. ಆದರೆ ಆ ಗಳಿಗೆಯಲ್ಲಿ ನನಗೆ ಕೇಳಿಸಿದ್ದು ನಿನ್ನ ಹೆಸರು. ಇವನಿಗೆ ನನ್ನ ಮಗಳ ಹೆಸರು ಹೇಗೆ ಗೊತ್ತು, ಅವಳು ಟ್ಯಾಂಕಿನೊಳಗೆ ಯಾಕಿದ್ದಾಳೆ ಎಂದು ಪೆದ್ದನ ಹಾಗೆ ನಿಂತುಬಿಟ್ಟೆ.

ಬಣ್ಣ ಕರಗಿಸುವ ಎಣ್ಣೆ ಹಚ್ಚಿ ಕೆರೆಯುತ್ತಾ ಹೋದ. ಹಸಿರು ಬಣ್ಣ ಬೊಬ್ಬೆಯೆದ್ದು ಬಂತು, ಅದರ ಹಿಂದೆಯೇ ಪುಟ್ಟಿ ಬೆರಳು ದಪ್ಪದ ಚಕ್ಕೆಗಳಾಗಿ ಉದುರಿತು. ಒಳಗೆ ನನ್ನ ಎರಡು ಮುಷ್ಟಿ ಹಿಡಿಸುವಷ್ಟು ತಗ್ಗು, ಪುಟ್ಟೀ. ಕೂತವರ ಎಡಮಂಡಿ ತಾಗುವ ಜಾಗದಲ್ಲೇ. ಕೆಳಗೆ ಫ್ರೇಮಿನ ಕತ್ತಿನಲ್ಲಿ ಸುತ್ತಲೂ, ಮುರಿದದ್ದನ್ನು ಮತ್ತೆ ಕೂಡಿಸಿದ ಬೆಸುಗೆ. ಪೇಂಟರ್ ಕೈ ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದ: "ಇದು ಸುಮ್ನೆ ಬಿದ್ದಿದ್ದಲ್ಲ ಯಜಮಾನ್ರೇ, ಯಾವ್ದಕ್ಕೋ ಗುದ್ದಿರೋದು. ಓಡಿಸ್ತಿದ್ದೋರು... ಇದ್ದಾರಾ?" ಅಲ್ಲೇ ನಿಂತು ನಿನಗೆ ಫೋನ್ ಮಾಡಿದೆ. ನೀನು "ಮೀಟಿಂಗಲ್ಲಿದ್ದೀನಪ್ಪ, ಆಮೇಲೆ ಮಾಡ್ತೀನಿ" ಎಂದೆ. ಆ ದನಿ ಕೇಳಿದ ಮೇಲೆ ಅವನಿಗೆ ಇದ್ದಾಳೆ ಎಂದು ಹೇಳಿ, ಬಣ್ಣದ ಡಬ್ಬದ ಮೇಲೆ ಕೂತು ಅತ್ತೆ. ಪಾಪ, ಅವನು ಕೆರೆಯುವುದು ಬಿಟ್ಟು ನೀರು ತಂದುಕೊಟ್ಟ.

ಎರಡು ವರ್ಷದ ಹಿಂದೆ ನೀನು ಫೋನಿನಲ್ಲಿ "ಅಪ್ಪಾ, ಗಾಡಿಗೆ ಒಂದು ಸಣ್ಣ ಗೀರು ಬಿದ್ದಿದೆ, ಬಣ್ಣ ಹೊಡೆಸ್ತೀನಿ" ಎಂದೆಯಲ್ಲ, ಅದು ನೆನಪಾಯಿತು. ಆ ದಿನ ನಾನು ಅರ್ಧ ಗಂಟೆ ಬಯ್ದಿದ್ದೆ. ಕಣ್ಣು ಎಲ್ಲಿಟ್ಟಿದ್ದೆ ಎಂದೆ, ನಿನ್ನ ಕೈಗೆ ಕೊಟ್ಟಿದ್ದೇ ನನ್ನ ಬುದ್ಧಿಗೇಡಿತನ ಎಂದೆ. ನೀನು "ಹೂಂ ಅಪ್ಪ, ಹೂಂ ಅಪ್ಪ" ಎನ್ನುತ್ತಲೇ ಇದ್ದೆ. ಈಗ ಹೇಳು, ಯಾವ ಆಸ್ಪತ್ರೆಯ ಯಾವ ಮಂಚದಲ್ಲಿ ಮಲಗಿ ಹೂಂ ಎನ್ನುತ್ತಿದ್ದೆ? ಬೀರುಗಳ ಮೇಲೆ ಉಗುರಿನಷ್ಟು ಗೀರಿದ್ದರೂ ವಾಪಸು ಕಳಿಸುತ್ತಿದ್ದವನೆಂದು ಕಾರ್ಖಾನೆಯವರು ನನಗೆ ಗೀರಪ್ಪ ಎಂದು ಹೆಸರಿಟ್ಟಿದ್ದರು. ಅಂಥ ಗೀರಪ್ಪ ಎಂಟು ತಿಂಗಳು ದಿನಾ ಆ ಟ್ಯಾಂಕನ್ನು ಒರೆಸಿದ್ದೇನೆ. "ಬಣ್ಣ ಚೆನ್ನಾಗಿ ಕೂತಿದೆ" ಎಂದು ಪಕ್ಕದ ಮನೆಯವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಗಾಡಿ ಕಳಿಸುವುದಿಲ್ಲ. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಹೊಸ ಬಿರುಕು ಬಿಟ್ಟಿದೆ, ಫ್ರೇಮನ್ನೇ ಬದಲಾಯಿಸಬೇಕಂತೆ. ತಾಮ್ರ, ಕ್ರೋಮ್ ಎಲ್ಲವನ್ನೂ ನಿಲ್ಲಿಸಿದ್ದೇನೆ. ಅಮ್ಮನಿಗೆ ಒಂದಕ್ಷರ ಹೇಳಿಲ್ಲ, ಅವಳ ಜೀವ ತಡೆಯುವುದಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಎರಡು ದಿನದಿಂದ ಗಂಜಿ ಕುಡಿಯುತ್ತಿದ್ದೇನೆ. ಏನು ಮುರಿದಿತ್ತು, ಯಾರು ನೋಡಿಕೊಂಡರು, ಎಲ್ಲವನ್ನೂ ಬರೆದು ಕಳಿಸು. ನನ್ನ ಆಯಸ್ಸೂ ನಿನಗೇ ಸೇರಲಿ, ನೂರು ವರ್ಷ ಗಟ್ಟಿಮುಟ್ಟಾಗಿ ಬಾಳು.

ಇಂತಿ,
ನಿನ್ನ ಅಪ್ಪ

ಆಮೇಲೆ ಸೇರಿಸಿದ್ದು: ಬರೆದಾದ ಮೇಲೆ ಕನ್ನಡಕ ಎಲ್ಲೋ ಇಟ್ಟು, ಸಿಗದೆ ಲಕೋಟೆಯ ಮೇಲೆ ವಿಳಾಸ ಬರೆಯಲು ಅಮ್ಮನಿಗೆ ಕೊಟ್ಟೆ, ಅವಳು ಒಳಗಿದ್ದ ಕಾಗದವನ್ನೂ ತೆಗೆದು ಓದಿಬಿಟ್ಟಳು. ಅಳಲಿಲ್ಲ. "ಎಡಗಾಲು, ಎರಡು ಕಡೆ" ಎಂದಳು. ಎರಡು ವರ್ಷದ ಹಿಂದೆ ಮೂರು ವಾರ ತನ್ನ ತಂಗಿಯ ಮನೆಗೆ ಹೋಗುತ್ತೇನೆ ಎಂದು ಅವಳು ಹೇಳಿದ್ದು ಸುಳ್ಳಂತೆ, ನಿನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದಳಂತೆ. ನಾನು ಅರ್ಧ ಗಂಟೆ ಬಯ್ಯುವಾಗ ನಿನ್ನ ಕಿವಿಗೆ ಫೋನ್ ಹಿಡಿದದ್ದೂ ಅವಳೇ ಅಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಪ್ಪಂಗೆ ಹೇಳ್ಬೇಡಮ್ಮಾ ಅಂತ ಕೈ ಹಿಡ್ಕೊಂಡಳು, ಅರಿವಳಿಕೆ ಕೊಡೋವಾಗ್ಲೂ ಅದನ್ನೇ ಹೇಳ್ತಿದ್ಳು" ಎಂದಳು. ಅಂಥ ನೋವಿನಲ್ಲೂ ನಿನಗೆ ನನ್ನದೇ ಭಯವಿತ್ತೇ, ಮಗಳೇ? ಇನ್ನು ಮುಂದೆ ಬಿದ್ದರೆ ಮೊದಲು ನನಗೆ ಹೇಳು. ಬಯ್ಯುವುದಿಲ್ಲ ಎಂದು ಆಣೆ ಮಾಡಲಾರೆ, ನನ್ನ ಬಾಯಿ ನಿನಗೆ ಗೊತ್ತು. ಬಯ್ಯುತ್ತಲೇ ಓಡಿ ಬರುತ್ತೇನೆ.