ಕಲ್ಲುಬದುವಿನ ಬಿಳಿ ಹೂ

ಕೆಂಕೆರೆ
೨೭-೮-೧೯೮೪

ಪ್ರೀತಿಯ ಮಗಳು ಗಿರಿಜಾಂಬಿಕಾಳಿಗೆ ಅಮ್ಮನ ಮನಸಾರೆ ಆಶೀರ್ವಾದ.

ಹೇಗಿದ್ದೀಯೆ? ಲಿಬಿಯಾದ ಬಿಸಿಲಿಗೆ ಮತ್ತೆ ಮೂಗಿನಲ್ಲಿ ರಕ್ತ ಬಂತೇ? ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದವಳು ಊಟ ಮಾಡದೆ ಮಲಗಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪ ಕೊಬ್ಬರಿ ಹಾಕಿಕೊಂಡು ತಿಪಟೂರಿಗೆ ಹೋಗಿದ್ದಾರೆ, ಅದಕ್ಕೇ ನನಗೆ ಬರೆಯಲು ಬಿಡುವು.

ಗಿರಿಜಾ, ನೀನು ತಂದ ಗಡ್ಡೆ ಹೂ ಬಿಟ್ಟಿದೆ ಕಣೇ!

ಹೋದ ವರ್ಷ ರಜೆಗೆ ಬಂದಾಗ ಸೂಟ್‌ಕೇಸಿನಿಂದ ನೀನು ಆ ಎರಡು ಗಡ್ಡೆ ತೆಗೆದದ್ದಕ್ಕೆ ಊರೆಲ್ಲ ನಕ್ಕಿತ್ತಲ್ಲ. ‘ಬಂಗಾರ ತತ್ತಾಳೆ ಅಂದ್ರೆ ಈರುಳ್ಳಿ ತಂದವ್ಳೆ’ ಎಂದು ಕೊಬ್ಬರಿ ವ್ಯಾಪಾರದ ಬೆಟ್ಟಸ್ವಾಮಿ ಆಡಿಕೊಂಡಿದ್ದ. ಆಸ್ಪತ್ರೆಯ ಹಿಂದಿನ ಕಲ್ಲುಗುಡ್ಡದಲ್ಲಿ ಇದು ತಾನಾಗಿ ಬೆಳೆಯುತ್ತದೆ, ಅದೇ ಗಡ್ಡೆ ಪ್ರತಿ ವರ್ಷ ಹೂ ಬಿಡುತ್ತದೆ ಎಂದು ನೀನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮಪ್ಪ ಒಂದನ್ನು ತೋಟದಲ್ಲಿ ನೆಟ್ಟು, ತೆಂಗಿನ ನೀರನ್ನೇ ಅದಕ್ಕೂ ಹರಿಸಿದರು. ಅದು ಕೊಳೆತು ನಾರಿತು. ಇನ್ನೊಂದನ್ನು ನಾನು ರಾಗಿ ಹೊಲದ ಕಲ್ಲುಬದುವಿನಲ್ಲಿ ಹೂತೆ. ಚಳಿಗಾಲದಲ್ಲಿ ಅಗಲವಾದ ಎಲೆ ಬಂತು. ಮೇಕೆಗಳು ಮೂಸಿ ಮುಂದಕ್ಕೆ ಹೋದವು. ಶಿವರಾತ್ರಿ ಕಳೆದ ಮೇಲೆ ಎಲೆಯೆಲ್ಲ ಒಣಗಿ ಬಿತ್ತು. ‘ಸತ್ತೋಯ್ತು ಬುಡೇ, ಕಿತ್ತಾಕ್ತೀನಿ’ ಎಂದು ನಿಮ್ಮಪ್ಪ ಗುದ್ದಲಿ ಎತ್ತಿದರು. ‘ಮುಟ್ಟಬ್ಯಾಡಿ ಕಣ್ರೀ, ಬ್ಯಾಸಿಗೇಲಿ ಅದು ಹಂಗೇ ಮಲಗ್ತದಂತೆ, ಮಗ್ಳು ಹೇಳವ್ಳೆ’ ಎಂದು ಅಡ್ಡ ನಿಂತೆ. ಬೇಸಿಗೆಯಿಡೀ ತೊಟ್ಟು ನೀರು ಹಾಕಲಿಲ್ಲ.

ಶ್ರಾವಣದ ಮೊದಲ ಸೋಮವಾರ ಕಳೆ ತೆಗೆಯಲು ಹೋದರೆ, ಒಂದೂ ಎಲೆಯಿಲ್ಲದ ನೆಲದಿಂದ ದಂಟು ಎದ್ದಿತ್ತು! ಈಗ ನನ್ನ ಎದೆಮಟ್ಟ ಬೆಳೆದಿದೆ. ಮೈತುಂಬ ನಕ್ಷತ್ರದಂಥ ಬಿಳಿ ಹೂ, ಕೆಳಗಿನಿಂದ ಅರಳುತ್ತಾ ಮೇಲಕ್ಕೇರುತ್ತಿವೆ, ಜೇನು ಮುತ್ತಿಕೊಂಡಿದೆ. ಊರಿಗೆ ಊರೇ ಬಂದು ನೋಡಿತು. ಬೆಟ್ಟಸ್ವಾಮಿಯಂತೂ ಹುಳಿಯಾರಿನ ಬಸ್ಸಿಳಿದವರನ್ನು ತಾನೇ ಕರೆತಂದು, ‘ನಮ್ಮೂರ್ ಹುಡ್ಗಿ ಸಮುದ್ರದ ಆಚೆಯಿಂದ ತಂದಿದ್ದು ಕಣ್ರಪ್ಪ’ ಎನ್ನುತ್ತಾನೆ!

ಇನ್ನು ನಿನ್ನ ಅಜ್ಜಿ. ನೀನು ವಿಮಾನ ಹತ್ತಿದಂದಿನಿಂದ ನಿನ್ನ ಹೆಸರೆತ್ತದವರು, ರಜೆಗೆ ಬಂದಾಗಲೂ ಮುಖ ತಿರುಗಿಸಿದವರು, ನಿನ್ನೆ ನನ್ನ ಭುಜ ಹಿಡಿದು ಬದುವಿನವರೆಗೂ ನಡೆದರು. ದಂಟನ್ನು ಮೆಲ್ಲಗೆ ಸವರಿ, ‘ಆ ಊರ್ನಾಗೂ ಇಂಥ ಬಿಸ್ಲೇ ಏನೇ?’ ಎಂದರು. ಹೌದು ಅತ್ತೆ ಎಂದೆ. ‘ನಮ್ ಗಿರಿಜಾ ಅಲ್ಲಿ ಒಬ್ಳೇ ಅವ್ಳಲ್ಲೇ’ ಎಂದವರೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟರು. ನಾನು ತಡೆಯಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ‘ನನ್ ಮೊಮ್ಮಗ್ಳು ತಂದಿದ್ದು’ ಎಂದು ತಾವೇ ನಿಲ್ಲಿಸಿ ಹೇಳಿದರು. ಗೆದ್ದೆ ಕಣೇ ಮಗಳೇ! ನಿನ್ನ ಜೊತೆ ನಾನೂ ಗೆದ್ದೆ.

ಅಪ್ಪ, ತಂಗಿ ಇಬ್ಬರೂ ನಿನ್ನನ್ನು ಕೇಳಿದರೆಂದು ತಿಳಿ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಸಿದ್ದಗಂಗಮ್ಮ

ವಿ.ಸೂ.: ಅಂಚೆಯವರು ಬಂದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ತಂಗಿಗೆ ನೋಡಿದ್ದ ಗಂಡಿನ ಮನೆಯವರಿಗೆ ಅಜ್ಜಿ ಇವತ್ತು ಬೆಳಿಗ್ಗೆ ‘ಈಗ ಬ್ಯಾಡ’ ಎಂದು ಹೇಳಿಕಳಿಸಿದರು. ಅವಳೂ ನಿನ್ನಂತೆ ನರ್ಸಿಂಗ್ ಓದಬೇಕಂತೆ. ನಾಳೆ ತಿಪಟೂರಿನಿಂದ ಬೆಂಗಳೂರಿಗೆ ರೈಲು. ಸೇರಿಸಲು ಕರೆದುಕೊಂಡು ಹೋಗುತ್ತಿರುವುದು ನಾನಲ್ಲ, ನಿಮ್ಮಪ್ಪನೂ ಅಲ್ಲ, ಅಜ್ಜಿ!