ವರದಿಯ ಕೆಳಗಿನ ತುಂಡು

ಗುಂಡ್ಲುಪೇಟೆ
9 ಜೂನ್ 2021

ಅವ್ವಾ,

ನಿನ್ನ ಮಧು ಎದುರಿಗೇ ಬಂದು ಕಾಲಿಗೆ ಬಿದ್ದಿದ್ದಾಳೆ ಅಂದುಕೊಂಡು ಓದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮ ಬೀದಿಯ ಮರಿಮಲ್ಲಪ್ಪನವರು ಸೋಮವಾರ ತೀರಿಕೊಂಡರು, ಹೊರಲು ನಾಲ್ಕು ಜನ ಬರಲಿಲ್ಲ. ಜೈಲಿನಲ್ಲಿ ನಿನ್ನ ಪಕ್ಕದಲ್ಲೇ ಮಲಗುತ್ತಿದ್ದ ಭೀಮನಬೀಡಿನ ಮಲ್ಲಮ್ಮ ಕೆಮ್ಮಿ ಕೆಮ್ಮಿ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ ಎಂದು ಬರೆದಿದ್ದೀಯ. ಅದರ ಕೆಳಗೇ 'ನಂಗೂ ಒಂಚೂರು ಕೆಮ್ಮು, ನೀ ಹೆದ್ರುಬ್ಯಾಡ ಕಣಮ್ಮಿ' ಎಂದೂ ಬರೆದಿದ್ದೀಯ. ಹೆದರದೆ ಏನು ಮಾಡಲಿ? ನಲವತ್ತು ಜನ ಮಲಗುವ ಕೋಣೆಯಲ್ಲಿ ದೂರ ದೂರ ಇರಿ ಎಂದರೆ ಎಲ್ಲಿಗೆ ಹೋಗುತ್ತೀರಿ? ಮೊನ್ನೆ ಜೈಲಿಗೆ ಫೋನು ಮಾಡಿದರೆ ನಿನ್ನನ್ನೂ ಬೇರೆ ವಾರ್ಡಿಗೆ ಹಾಕಿದ್ದಾರೆ ಎಂದರು. ಅದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ.

ಚಾಮರಾಜನಗರದ ವಕೀಲರು ಗೋವಿಂದಯ್ಯನವರು ನಿನ್ನಂಥ ಹನ್ನೊಂದು ಜನರ ಪರವಾಗಿ ಹೈಕೋರ್ಟಿಗೆ ಅರ್ಜಿ ಹಾಕುತ್ತಿದ್ದಾರೆ. ಈ ರೋಗ ಕಳೆಯುವವರೆಗಾದರೂ ಪೆರೋಲಿನ ಮೇಲೆ ಬಿಡಿ ಎಂಬುದು ಒಂದು. ಪೊಲೀಸಿನವರು ಬಂದು ಮನೆಯವರನ್ನೋ ನೆರೆಯವರನ್ನೋ ವಿಚಾರಿಸಿ, ಆ ಒಬ್ಬರು ಬೇಡ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು ಎನ್ನುವ ಪದ್ಧತಿ ಹೋಗಬೇಕು ಎಂಬುದು ಇನ್ನೊಂದು. 'ಎಂಟು ವರ್ಸ ಒಳಗಿರೋಳ ಉಸಿರು ಯಾರೋ ಒಬ್ರ ಬಾಯಲ್ಲಿ ಇರಬಾರ್ದು ಕಣಮ್ಮ' ಎಂದರು ಗೋವಿಂದಯ್ಯನವರು. ಒಳ್ಳೆಯ ಮನುಷ್ಯ. ಬಸ್ಸಿಲ್ಲದ ದಿನಗಳಲ್ಲೂ ಸ್ಕೂಟರಿನಲ್ಲಿ ಬಂದು ಹೋಗುತ್ತಾರೆ.

ಅರ್ಜಿ ಟೈಪು ಮಾಡುತ್ತಿರುವುದು ನಾನೇ. ತಾಲ್ಲೂಕು ಕಚೇರಿ ಎದುರಿನ ನಂಜಯ್ಯನವರ ಅಂಗಡಿಯಲ್ಲಿ, ಬಾಗಿಲು ಅರ್ಧ ಎಳೆದುಕೊಂಡು. ಎಷ್ಟು ಜನರ ಅರ್ಜಿ ಹೊಡೆದಿದ್ದೇನೋ, ಇದೊಂದನ್ನು ಮಾತ್ರ ಹೊಡೆದು ಅಳಿಸಿ ಮತ್ತೆ ಹೊಡೆದೆ. ಶಾಂತಮಲ್ಲಮ್ಮ, ಐವತ್ತೊಂದು ವರ್ಷ, ಗಂಡನ ಕೊಲೆ, ಜೀವಾವಧಿ. ಅಪ್ಪ ಅವತ್ತು ನನ್ನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಗುದ್ದುತ್ತಿದ್ದದ್ದು, ನೀನು ಬಿಡಿಸಲಾರದೆ ಒನಕೆ ಎತ್ತಿಕೊಂಡದ್ದು, ಇದನ್ನೆಲ್ಲ ಆ ಕಾಗದದಲ್ಲಿ ಎಲ್ಲಿ ಸೇರಿಸಲಿ? ಅದಕ್ಕೆ ಕಾಲಮ್ಮೇ ಇಲ್ಲ.

ಇನ್ನೊಂದು ಮಾತು ಹೇಳಬೇಕು. ಕಾಗದ ಒಡೆದು ಓದುವ ಜೈಲಿನ ಸಾಹೇಬರೂ ಓದಿಕೊಳ್ಳಲಿ. ನಾನು ಸೊಸೆಯಾಗಿ ಬಂದ ಈ ಮನೆಯಲ್ಲಿ ನೀನು ಸತ್ತಿದ್ದೀಯ ಅವ್ವ. ಮದುವೆಯ ಮಾತುಕತೆಯಲ್ಲಿ ದೊಡ್ಡಪ್ಪ ಹಾಗೆಂದು ಹೇಳಿಬಿಟ್ಟರು, ನಾನೂ ತುಟಿ ಬಿಚ್ಚಲಿಲ್ಲ. ನಿನ್ನ ಕಾಗದಗಳನ್ನು ಅಂಗಡಿ ವಿಳಾಸಕ್ಕೆ ಬರೆಸುತ್ತಿದ್ದದ್ದೂ ಅದಕ್ಕೇ. ನಮ್ಮತ್ತೆ ಸುಂದ್ರಮ್ಮನವರು ಒಳ್ಳೆಯವರು, ಕಷ್ಟ ಅದೇ. ತಾಯಿಯಿಲ್ಲದ ಹುಡುಗಿ ಎಂದು ಪ್ರತಿ ಮಹಾಲಯ ಅಮಾವಾಸ್ಯೆಗೆ ತಮ್ಮ ಹಿರಿಯರ ಎಡೆಯ ಪಕ್ಕ ನಿನಗೂ ಒಂದು ಎಡೆ ಇಡಿಸುತ್ತಾರೆ. 'ನಿಮ್ಮವ್ವಂಗೆ ಏನಿಷ್ಟ ಹೇಳಮ್ಮಿ, ಅದ್ನೇ ಮಾಡನ' ಎನ್ನುತ್ತಾರೆ. ಹುರುಳಿಕಾಳಿನ ಬಸ್ಸಾರು, ಕಜ್ಜಾಯ ಎಂದೆ. ನಾಲ್ಕು ವರ್ಷ, ಬದುಕಿರುವ ನಿನ್ನ ಹೆಸರು ಹೇಳಿ ಧೂಪ ಹಾಕಿದೆ. ಎಡೆಗಿಟ್ಟ ಸೀರೆ ಮಗಳೇ ಉಡಬೇಕಂತೆ. ನಾನು ಒಂದನ್ನೂ ಉಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ಭಾನುವಾರ ಅತ್ತೆಗೂ ನನ್ನ ಗಂಡನಿಗೂ ನಿಜ ಹೇಳಿದೆ. ಸೋಮಶೇಖರ್ ಎದ್ದು ಹೊರಗೆ ಹೋದವರು ಇವತ್ತಿನವರೆಗೂ ನನ್ನೊಡನೆ ಮಾತಾಡಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೇವರ ಗೂಡಿನ ಮುಂದೆ ಕುಳಿತು ಅತ್ತರು. ಆಮೇಲೆ, 'ಎಡೆ ಇಟ್ಬುಟ್ಟೋರ್ನ ಹೊಸ್ಲು ದಾಟಿಸದು ಹೆಂಗಮ್ಮಿ? ಬದುಕಿರೋರ್ಗೆ ಎಡೆ ಇಟ್ಬುಟ್ನಲ್ಲ, ಆಯಮ್ಮಂಗೆ ಏನಾರ ಆದ್ರೆ ನನ್ ಕೈಯಿಂದ್ಲೇ ಆದಂಗಾಯ್ತದಲ್ಲ' ಎಂದರು. ಅವರ ಹೆದರಿಕೆ ಅವರದು. ಅದಕ್ಕೆ ನಂಜಯ್ಯನವರನ್ನು ಕೇಳಿ ಅಂಗಡಿ ಹಿಂದಿನ ಕೋಣೆ ತೆಗೆದುಕೊಂಡಿದ್ದೇನೆ. ಅರ್ಜಿಯಲ್ಲಿ ನಿನ್ನ ವಿಳಾಸ ಅದೇ. ಒಂದು ಕಿಟಕಿಯಿದೆ, ಗಾಳಿ ಚೆನ್ನಾಗಿ ಬರುತ್ತದೆ. ಆ ನಾಲ್ಕು ಸೀರೆಗಳನ್ನೂ ತಂದು ಅಲ್ಲೇ ಇಟ್ಟಿದ್ದೇನೆ.

ಒಂದು ತೊಡಕು ಉಳಿದಿದೆ. ನಿನ್ನ ಪೆರೋಲು ತಳ್ಳಿಹಾಕಿದ್ದ ಪೊಲೀಸ್ ವರದಿಯನ್ನು ಅರ್ಜಿಗೆ ಸೇರಿಸಬೇಕು. ನೀನು ವಕೀಲರಿಗೆ ಕಳಿಸಿದ ಪ್ರತಿಯಲ್ಲಿ ಕೆಳಗೆ ಮೂರು ಬೆರಳಗಲ ಹರಿದುಹೋಗಿದೆ. 'ಮನೆಯವರು ಒಪ್ಪಿರುವುದಿಲ್ಲ' ಎಂಬಲ್ಲಿಗೆ ನಿಂತಿದೆ, ಯಾರು ಎಂಬುದಿಲ್ಲ. 'ಇಲಿ ತಿಂದ್ಬುಟ್ಟಿರ್ಬೇಕು' ಎಂದರು ಗೋವಿಂದಯ್ಯನವರು. ಯಾರು ಬೇಡ ಎಂದದ್ದು ನಿನಗೇನಾದರೂ ಗೊತ್ತೇ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ನೀನೂ 'ಯಾರು ಬ್ಯಾಡ ಅಂದ್ರು ಅಂತ ಕೆದಕ್ಬ್ಯಾಡ, ಅವ್ರ ಕಷ್ಟ ಅವ್ರಿಗೆ' ಎಂದು ಬರೆದಿದ್ದೀಯಲ್ಲ. ಆ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ಟೈಪು ಮಾಡಿದ್ದೇನೆ.

ಬಿಸಿನೀರು ಕೇಳಿ ಕುಡಿ. ಕೊಡದಿದ್ದರೆ ಜಗಳ ಮಾಡು, ಸುಮ್ಮನಿರಬೇಡ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ಮಧುಶ್ರೀ

ಮರೆತದ್ದಲ್ಲ, ಹೇಳಲಾರದೆ ಬಿಟ್ಟದ್ದು: ಇಲಿಯಲ್ಲ ಅವ್ವ. ದಿನಾ ಕಾಗದ ಹಿಡಿಯುವವಳು ನಾನು, ಇಲಿ ಕಡಿದ ಅಂಚು ನನಗೆ ಗೊತ್ತು. ನೀನು ಮಡಿಸಿ, ಉಗುರಿನಲ್ಲಿ ಗೀರಿ, ನನ್ನ ಸಹಿ ಇದ್ದಷ್ಟನ್ನೇ ನೇರವಾಗಿ ಹರಿದಿದ್ದೀಯ. ಏಪ್ರಿಲಿನಲ್ಲಿ ಪೊಲೀಸಿನವರು ಬಂದಾಗ ಅತ್ತೆ ಅಡುಗೆಮನೆಯಲ್ಲಿದ್ದರು. ಗೇಟಿನ ಹೊರಗೇ ಪೊಲೀಸಿನವರನ್ನು ತಡೆದು, ಆ ಹೆಂಗಸಿಗೂ ನಮಗೂ ಸಂಬಂಧವಿಲ್ಲ, ಸೇರಿಸಿಕೊಳ್ಳುವುದಿಲ್ಲ ಎಂದೆ. ಅವರು ಬರೆದುಕೊಂಡದ್ದಕ್ಕೆ ನಿಂತಲ್ಲೇ ಸಹಿ ಹಾಕಿದೆ. ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸಿದವಳಿಗೆ ಮಗಳ ಕೈಬರಹ ತಿಳಿಯದೇ? ಮೇಲಿನಷ್ಟು ಬರೆದು ಎದ್ದವಳು ಅರ್ಜಿ ತೆರೆದು, ಖಾಲಿ ಬಿಟ್ಟ ಜಾಗದಲ್ಲಿ ನನ್ನ ಹೆಸರು ಹೊಡೆದೆ. ಗೋವಿಂದಯ್ಯನವರು ಓದಿ, ಆ ಹಾಳೆಯನ್ನು ಉಳಿದವುಗಳ ಜೊತೆ ಸೇರಿಸಿ ಪಿನ್ನು ಹೊಡೆದರು. 'ಹೆದ್ರಿದೋರ ಒಂದ್ ಸಹಿ ಮೇಲೆ ಹಿಂಗೆಲ್ಲ ಆಗಬಾರ್ದು ಅಂತ್ಲೇ ಅಲ್ವೇನಮ್ಮ ನಾವು ಬರೀತಿರದು' ಎಂದರು. ಕೋರ್ಟು ಆ ತುಂಡನ್ನು ಕೇಳಿದರೂ ಕೇಳಬಹುದಂತೆ. ಇಟ್ಟುಕೊಂಡಿದ್ದರೆ ಕಳಿಸು. ಎಸೆದಿದ್ದರೆ ಹೋಗಲಿ, ನೀನು ಬಂದರೆ ಸಾಕು.